ವಿಳಾಸದ ವಹಿ ಕದ್ದವರು

ನೀಲಮ ಪುಸ್ತಕವನ್ನು ಅಕ್ಕುತಾಯಿಯ ಮುಂದೆ ಇಡಲಿಲ್ಲ, ಎಸೆದಳು.

"ಮೌಶಿ, ಇದನ್ನ ನೋಡ್ರಿ. ನೋಡಿ, ನಾ ಕಳ್ಳಿ ಹೌದೋ ಅಲ್ಲೋ ನೀವs ಹೇಳ್ರಿ."

ಮಲ್ಲೇಶ ಚಹಾದ ಕಪ್ಪು ಕೆಳಗಿಟ್ಟ. ನಿಪ್ಪಾಣಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಆಪರೇಟರ್ ಆಗಿದ್ದು ನಿವೃತ್ತಳಾದ ಅಕ್ಕುತಾಯಿಯ ಮನೆಗೆ ಊರಿನ ಸಿಕ್ಕುಗಳೆಲ್ಲ ಒಂದಲ್ಲ ಒಂದು ದಿನ ಬಂದೇ ಬರುತ್ತಿದ್ದವು. ಪಕ್ಕದಲ್ಲೇ ಡಿಟಿಪಿ ಅಂಗಡಿ ಇಟ್ಟಿದ್ದ ಮಲ್ಲೇಶ ಅವಕ್ಕೆಲ್ಲ ಸಾಕ್ಷಿ. ಆದರೆ ಇಷ್ಟು ಸಿಟ್ಟು ಹೊತ್ತು ಬಂದವರನ್ನು ಅವನು ಕಂಡಿರಲಿಲ್ಲ.

ಪುಸ್ತಕದ ಹೆಸರು 'ಅಂತರ್ಜಾಲದ ಅನರ್ಘ್ಯ ರತ್ನಗಳು'. ನೂರಾ ಹನ್ನೆರಡು ವೆಬ್‌ಸೈಟುಗಳ ವಿಳಾಸ, ಒಂದೊಂದಕ್ಕೂ ಎರಡು ಸಾಲಿನ ವಿವರ. ಬರೆದವರು ನಿವೃತ್ತ ಮುಖ್ಯಾಧ್ಯಾಪಕ ಭಾವುಸಾಹೇಬರು.

ಅದು ೨೦೦೭ರ ಮಾತು. ಊರಲ್ಲಿ ಮನೆಗೆ ನೆಟ್ ಹಾಕಿಸಿಕೊಂಡವರನ್ನು ಬೆರಳಿನಲ್ಲಿ ಎಣಿಸಬಹುದಿತ್ತು. ಉಳಿದವರಿಗೆಲ್ಲ ಬಸ್‌ಸ್ಟ್ಯಾಂಡಿನ ಹತ್ತಿರದ ಪಾರಿಸನ ಸೈಬರ್ ಕೆಫೆಯೇ ಗತಿ. ಅಂಗಡಿ ಪಾರಿಸನದು, ಅದನ್ನು ನಡೆಸುತ್ತಿದ್ದವಳು ನೀಲಮ. ಅವಳೇ ಅಲ್ಲಿ ಲೆಕ್ಕದ ಪುಸ್ತಕದಂಥ ಒಂದು ಉದ್ದನೆಯ ವಹಿ ಇಟ್ಟಿದ್ದಳು. ಯಾರಿಗೆ ಒಳ್ಳೆಯ ಸೈಟು ಸಿಕ್ಕರೂ ಮುಂದೆ ಬರುವವರಿಗಾಗಿ ಅದರಲ್ಲಿ ಬರೆದಿಡಬೇಕು. ತಾನು ತೆರೆದು ನೋಡಿದ್ದನ್ನು ಮಾತ್ರ ಬರೆಯಬೇಕು. ಕಬ್ಬಿನ ಗೊಣ್ಣೆಹುಳದ ಚಿತ್ರ ತೋರಿಸುವ ಸೈಟು, ಹುಟ್ಟಿದ ತಾರೀಖು ಹೊಡೆದರೆ ಎಷ್ಟು ದಿನ ಬದುಕಿದ್ದೀರಿ ಎಂದು ಹೇಳುವ ಸೈಟು, ಸುಮ್ಮನೆ ಪ್ಲಾಸ್ಟಿಕ್ಕಿನ ಗುಳ್ಳೆ ಒಡೆಯುತ್ತ ಕೂರುವ ಸೈಟು, ಎಲ್ಲವೂ ಇದ್ದವು. ಬೇಡಕಿಹಾಳದ ರೈತರು ಕೂಡ ಅದನ್ನು ತಿರುವಿ ನೋಡುತ್ತಿದ್ದರು.

ಎರಡು ತಿಂಗಳ ಹಿಂದೆ ಆ ವಹಿ ಕಾಣೆಯಾಯಿತು. ಈಗ ಅದೇ ಸೈಟುಗಳು ಭಾವುಸಾಹೇಬರ ಹೆಸರಿನಲ್ಲಿ ಅಚ್ಚಾಗಿ ಬಂದಿದ್ದವು.

"ಇವು ನಮ್ಮ ವಹಿಯಾಗಿನವು ಅಂದೆ. ಅದಕ್ಕ ಅವರು, 'ನನ್ನ ಹಸ್ತಪ್ರತಿ ಕದ್ದು ನೀನs ವಹಿ ಮಾಡಿದ್ದಿ' ಅಂದ್ರು. ಬೋರಗಾಂವದ ಸಾಲ್ಯಾಗ ನಂಗ ಕಂಪ್ಯೂಟರ್ ಟೀಚರ್ ನೌಕರಿ ಆಗೇತಿ. ಆ ಕಮಿಟಿಯೊಳಗ ಇವರೂ ಅದಾರ. ಕಳುವು ಮಾಡೇನಿ ಅಂತ ಬರದು ಕೊಡು, ಇಲ್ಲಾಂದ್ರ ಆರ್ಡರ್ ರದ್ದು ಅಂತಾರ. ಮತ್ತ ನಮ್ಮವ್ವ ಕೆಲಸ ಮಾಡೂ ಕಡೆ ಹೋಗಿ ಎಲ್ಲಾರ ಮುಂದ 'ಬೀಡಿ ಕಟ್ಟೂವಾಕಿ ಮಗಳಿಗೆ ಇಷ್ಟು ತಲಿ ಎಲ್ಲಿಂದ ಬರಬೇಕು' ಅಂದಾರ್ರಿ!"

ಮಲ್ಲೇಶನ ಮೈಯೆಲ್ಲ ಉರಿಯಿತು. ಕದ್ದದ್ದೂ ಅಲ್ಲದೆ ಕಳಕೊಂಡವಳನ್ನೇ ಕಳ್ಳಿ ಎನ್ನುವುದೆಂದರೇನು? ಅದೂ ಅವಳ ತಾಯಿಯ ಮುಂದೆ!

ಅಕ್ಕುತಾಯಿ ಮಾತ್ರ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು. "ಸಿಟ್ಟು ಇರಲಿ ಮಗಳs, ಬೇಕಾಗ್ತೈತಿ. ಮಲ್ಲೇಶ, ನಡಿ, ಸೈಬರಿಗೆ ಹೋಗೂನು."

ಕೆಫೆಯಲ್ಲಿ ಆ ಹೊತ್ತು ನೆಟ್ ಹೋಗಿತ್ತು. ಗಿರಾಕಿಗಳು ಬೈಯುತ್ತ ಎದ್ದು ಹೋಗಿದ್ದರು. ಇಬ್ಬರು ರೈತರು ಮಾತ್ರ ಒಂದು ಕಂಪ್ಯೂಟರಿನ ಮುಂದೆ ಕೂತು, ಯಾವ ಊರಿಗೆ ಎಷ್ಟು ಗಂಟೆಗೆ ತ್ರೀ-ಫೇಜ್ ಕರೆಂಟು ಎಂಬ ಪಟ್ಟಿ ನೋಡಿ ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದರು. ಅಕ್ಕುತಾಯಿ ಅವರ ಬೆನ್ನ ಹಿಂದೆ ಸ್ವಲ್ಪ ಹೊತ್ತು ನಿಂತಳು. ಮಲ್ಲೇಶನಿಗೆ ಅದರಲ್ಲಿ ವಿಶೇಷ ಏನೂ ಕಾಣಲಿಲ್ಲ.

ಪಾರಿಸ ದುಡ್ಡಿನ ಗಲ್ಲೆಯ ಹಿಂದಿನಿಂದಲೇ ಮಾತಾಡಿದ. "ಆವತ್ತು ಶನಿವಾರ ಸಂಜಿಕೆ ನೀಲಮ ಬೇಡಕಿಹಾಳಕ್ಕ ಲಗ್ನಕ್ಕ ಹೊಂಟ್ಳಲ್ಲ, ಆಗs ವಹಿ ಚೀಲದಾಗ ಹಾಕ್ಕೊಂಡು ಹೋದ್ಳರಿ. ಕಣ್ಣಾರೆ ಕಂಡೇನಿ. ಹುಡುಗಿ ಚಲೋನೇ, ಆದ್ರ ಏನ್ ಮಾಡೂದು."

"ತಿರುಗಿ ಎಂದ ಬಂದ್ಳು?"

"ಮಂಗಳವಾರ. ಅಲ್ಲೀತನಕ ನಾನs ಅಂಗಡಿ ತಗದು, ನಾನs ಹಾಕೇನಿ."

ಅಕ್ಕುತಾಯಿ ಗಿರಾಕಿಗಳು ಸಹಿ ಮಾಡುವ ರಜಿಸ್ಟರು ಕೇಳಿ ಪಡೆದಳು. ಆ ಭಾನುವಾರದ ಕೊನೆಯ ಸಹಿ ಕುನಾಲ ಎಂಬ ಕಾಲೇಜು ವಿದ್ಯಾರ್ಥಿಯದು. ಅವನ ಮನೆ ಹುಡುಕಿ ಅವಳು ಕೇಳಿದ್ದು ಒಂದೇ ಪ್ರಶ್ನೆ. ಉತ್ತರ ಕೇಳಿ ತಲೆಯಾಡಿಸಿದಳು.

ಮರುದಿನ ಬೆಳಿಗ್ಗೆ ಕೆಫೆಯಲ್ಲಿ ಕುನಾಲನೂ ಸೇರಿದಂತೆ ಎಲ್ಲರೂ ಕೂಡಿದರು. ಶಾಲಾ ಕಮಿಟಿಯ ಅಧ್ಯಕ್ಷ, ಬೋರಗಾಂವದ ವಿರುಪಾಕ್ಷಪ್ಪ ನಡುವಿನ ಕುರ್ಚಿಯಲ್ಲಿ ಕೂತರು. ಭಾವುಸಾಹೇಬರು ಬಿಳಿ ಟೋಪಿ ಸರಿಪಡಿಸಿಕೊಂಡು, "ಲವಕರ, ಜಲ್ದಿ ಮುಗಸ್ರಿ, ನನಗ ಕೆಲಸ ಅದಾವ" ಎಂದರು.

"ಹೌದ್ರಿ ಸರ್, ಒಂದೆರಡು ಮಾತು," ಎಂದಳು ಅಕ್ಕುತಾಯಿ. "ನಿಮ್ಮ ಪುಸ್ತಕದ ನಲವತ್ತೇಳನೇ ಸೈಟು. ಅಕ್ಷರ ಇಲ್ಲ, ಬರೇ ಅಂಕಿ ಇರೂ ವಿಳಾಸ. 'ಕರೆಂಟಿನ ವೇಳೆ ತಿಳಿಸುವ ಈ ತಾಣವನ್ನು ನಾನು ಎರಡು ವರ್ಷದಿಂದ ಮನೆಯಲ್ಲೇ ಕುಳಿತು ದಿನವೂ ನೋಡುತ್ತೇನೆ' ಅಂತ ಬರದೀರಿ. ಖರೇನ್ರಿ?"

"ಖರೇ. ಮೊನ್ನೆನೂ ನೋಡೇನಿ."

ಅಕ್ಕುತಾಯಿ ಗೋಡೆಯ ಹತ್ತಿರ ಹೋಗಿ ಟೆಲಿಫೋನಿನ ವೈರನ್ನು ಕಿತ್ತುಬಿಟ್ಟಳು. "ನೆಟ್ ಹೋತು. ನೀಲಮ, ಈಗ ನಲವತ್ತೇಳನೇದು ತಗಿ."

ನೀಲಮ ಅಂಕಿಗಳನ್ನು ಒತ್ತಿದಳು. ಕರೆಂಟಿನ ಪಟ್ಟಿ ಸೀದಾ ತೆರೆದುಕೊಂಡಿತು. ವಿರುಪಾಕ್ಷಪ್ಪ ಕುರ್ಚಿಯಿಂದ ಅರ್ಧ ಎದ್ದರು. "ಅರೇ! ವೈರ್ ಇಲ್ದ ಹೆಂಗ ಬಂತಿದು?"

"ಇದು ಇಂಟರ್ನೆಟ್ಟಿನಾಗ ಇಲ್ಲs ಇಲ್ಲರಿ. ಲೈನ್‌ಮನ್ನರ ಕೈಕಾಲು ಬಿದ್ದು ವೇಳೆ ಕೇಳಿ, ನೀಲಮನs ಮಾಡಿ ಈ ಅಂಗಡಿ ಕಂಪ್ಯೂಟರಿನಾಗ ಇಟ್ಟಾಳ. ಎಕ್ಸ್‌ಚೇಂಜಿನಾಗ ನಮಗ ಇಂಟರ್‌ಕಾಮ್ ಇತ್ತು. ಇಪ್ಪತ್ತೊಂದು ಒತ್ತಿದ್ರ ಸಾಹೇಬರ ಖೋಲಿಗೆ ಹತ್ತತಿತ್ತು. ಅದs ಇಪ್ಪತ್ತೊಂದು ನೀವು ಮನ್ಯಾಗಿಂದ ಒತ್ತಿದ್ರ ಎಲ್ಲಿಗೂ ಹತ್ತಂಗಿಲ್ಲ. ಇದೂ ಹಂಗs. ಈ ನಾಕು ಗೋಡಿ ದಾಟಿ ಹೋಗಿಲ್ಲ. ಇಲ್ಲಿ ತೆರೀತು ಅಂತ ಪಾಪ ಯಾರೋ ರೈತ ಅದನ್ನೂ ಸೈಟಂತ ತಿಳಿದು ವಹಿಯಾಗ ಬರದಿದ್ದ. ಸರ್ ಅದನ್ನ ಮನ್ಯಾಗ ಎರಡು ವರ್ಷ ಹೆಂಗ ನೋಡಿದ್ರು, ಅವರs ಹೇಳಲಿ."

ಭಾವುಸಾಹೇಬರು ಪುಸ್ತಕ ಎಳೆದುಕೊಂಡು ನಲವತ್ತೇಳನೇ ಸೈಟಿನ ಪುಟ ಹುಡುಕತೊಡಗಿದರು.

"ಹಂಗಾದ್ರ ವಹಿ ಅವರಿಗೆ ಕೊಟ್ಟವರು ಯಾರು?" ಎಂದರು ವಿರುಪಾಕ್ಷಪ್ಪ.

"ಪುಸ್ತಕದ ಕಡೇ ಸೈಟು, ನೂರಾ ಹನ್ನೆರಡು, ಹಕ್ಕಿಗಳ ಕೂಗು ಕೇಳಿಸೂದು. ಅದನ್ನ ವಹಿಯಾಗ ಬರದಾವ ಈ ಕುನಾಲ. ಎಂದ ಬರದೀಪಾ?"

"ಭಾನುವಾರ ಸಂಜಿಕ್ರಿ. ಅಂಗಡಿ ಮುಚ್ಚೂ ಹೊತ್ತಿಗೆ."

"ಶನಿವಾರs ನೀಲಮನ ಚೀಲ ಸೇರಿದ ವಹಿಯಾಗ ಇಂವ ಭಾನುವಾರ ಹೆಂಗ ಬರದಾ, ಪಾರಿಸ?"

ಒತ್ತಿ ಕೇಳಿದ ಮೇಲೆ ಪಾರಿಸ ಬಾಯಿಬಿಟ್ಟ. ನೀಲಮ ಶಾಲೆಗೆ ಹೋದರೆ ತನ್ನ ಅಂಗಡಿ ಮುಚ್ಚಿದಂತೆಯೇ. ಕಳ್ಳಿ ಎಂಬ ಹೆಸರು ಬಂದು ನೌಕರಿ ತಪ್ಪಿದರೆ ಇಲ್ಲೇ ಉಳಿಯುತ್ತಾಳೆ ಎಂದು ವಹಿಯನ್ನು ಭಾವುಸಾಹೇಬರಿಗೆ ತಾನೇ ಮುಟ್ಟಿಸಿದ್ದ.

"ಏನ್ ದೊಡ್ಡ ಕಳುವು?" ಭಾವುಸಾಹೇಬರು ಸಿಡಿದರು. "ಸೈಟು ಯಾರಪ್ಪನ ಆಸ್ತೀನೂ ಅಲ್ಲ!"

"ಅಲ್ಲರಿ!" ಅಕ್ಕುತಾಯಿಯ ದನಿ ಮೊದಲ ಸಲ ಏರಿತು. "ಅದಕ್ಕs ಮಂದಿ ಬಿಟ್ಟಿ ಹಂಚಿದ್ರು. ಕೇಳಿದ್ರ ನಿಮಗೂ ಕೊಡತಿದ್ರು. ನೀವು ಕದ್ದಿದ್ದು ಸೈಟ್ ಅಲ್ಲ, ಈ ಹುಡುಗಿ ಮಾನ!"

ವಿರುಪಾಕ್ಷಪ್ಪ ನೀಲಮನ ಕಡೆ ತಿರುಗಿದರು. "ಸೋಮವಾರ ಸಾಲಿಗೆ ಬಾ ತಂಗಿ. ಇವರ ಕಡಿಂದ ತಪ್ಪೊಪ್ಪಿಗೆ ಬರಸ್ಕೊಂಡು ನಿನ್ನ ಕೈಯಾಗ ಕೊಡತೀನಿ."

"ನನಗ ಕಾಗದ ಬ್ಯಾಡ್ರಿ. ನಮ್ಮವ್ವನ ಮುಂದ ಎಲ್ಲಿ ನಿಂತು ಅಂದಾರೋ ಅಲ್ಲೇ ಬಂದು ಹೇಳಲಿ."

ವಿರುಪಾಕ್ಷಪ್ಪ ಎದ್ದು ಭಾವುಸಾಹೇಬರನ್ನು ಕರೆದುಕೊಂಡು ಹೊರಟರು. ಬೀಡಿ ಕಾರ್ಖಾನೆಯ ಉದ್ದನೆಯ ಶೆಡ್ಡಿನಲ್ಲಿ ಐವತ್ತು ಹೆಂಗಸರು ಮೊರ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಬಾಗಿಲಲ್ಲಿ ಭಾವುಸಾಹೇಬರನ್ನು ಕಂಡು ಎಲ್ಲರ ಕೈಗಳೂ ನಿಂತವು. ನೀಲಮನ ತಾಯಿ ಸುಂದರಾ ಎದ್ದು ನಿಂತಳು. ತಂಬಾಕಿನ ಘಾಟಿಗೆ ಎರಡು ಸಲ ಸೀನಿ, ಭಾವುಸಾಹೇಬರು ತಮ್ಮ ಎದೆಗಷ್ಟೇ ಕೇಳುವಂತೆ ಗೊಣಗಿದರು. "ನಿನ್ನ ಮಗಳು ಕಳ್ಳಿ ಅಲ್ಲ. ತಪ್ಪು ನಂದು."

ಸುಂದರಾ ಸೆರಗಿನಿಂದ ಕೈ ಒರೆಸಿಕೊಂಡಳು.

"ಜೋರಂಗ ಹೇಳ್ರಿ ಸರ್. ಆವತ್ತು ಅಂದಿದ್ದು ಹಿಂದ ಕುಂತವರಿಗೂ ಕೇಳಿತ್ತು."