ಮಾತು ಬಿಟ್ಟ ಕಂಪ್ಯೂಟರ್

“ತಲಿ ಮ್ಯಾಲ ಒಂದು ಬಡದು ನೋಡ್ಲೇನ್ರಿ ಮೇಡಂ? ನಮ್ಮನಿ ರೇಡಿಯೋ ಹಂಗ ಸರಿ ಆಗ್ತೈತಿ,” ಎಂದು ಎರ್ರೆಪ್ಪ ಕೈ ಎತ್ತಿದ. ಅವನು ಕಾಲೇಜು ಹುಡುಗ.

“ಕೈ ಇಳಸಪ್ಪ. ಅದೇನು ನಿನ್ನ ತಮ್ಮ ಅಲ್ಲ,” ಎಂದರು ದಾಕ್ಷಾಯಣಮ್ಮ ಮೇಡಂ.

ಇದು ನಿಜವಾಗಿ ನಡೆದ ಕತೆ. ನಂಬದವರು ಬಳ್ಳಾರಿಯಲ್ಲಿ ಬಿಸಿಲಿದೆ ಎಂಬುದನ್ನೂ ನಂಬಬೇಡಿ.

೧೯೮೯ರ ದಸರಾ ರಜೆ. ಸಿರುಗುಪ್ಪದ ಐದನೇ ಕ್ಲಾಸಿನ ಕೊಟ್ರಬಸಮ್ಮ, ಅಂದರೆ ನಮ್ಮ ಕೊಟ್ರಿ, ಬಳ್ಳಾರಿಯ ಚಿಕ್ಕಮ್ಮನ ಮನೆಗೆ ಬಂದಿದ್ದಳು. ಆ ಚಿಕ್ಕಮ್ಮನೇ ಈ ದಾಕ್ಷಾಯಣಮ್ಮ. ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದರು. ಕೊಟ್ರಿಗೂ ಒಂದು ವಿದ್ಯೆ ಬರುತ್ತಿತ್ತು, ಎಲ್ಲರನ್ನೂ ಅಣಕಿಸುವ ವಿದ್ಯೆ. ಬಸ್ಸಿನಲ್ಲಿ ಬರುವಾಗ ಕಂಡಕ್ಟರನ ದನಿಯಲ್ಲಿ “ಮೋಕಾ ಬಂತು, ಇಳೀರಿ” ಎಂದು ಕೂಗಿ, ನಿದ್ದೆಯಲ್ಲಿದ್ದ ಒಬ್ಬ ತಾತನನ್ನು ಮೂಟೆ ಸಮೇತ ಎಬ್ಬಿಸಿ ನಿಲ್ಲಿಸಿದ್ದಳು.

ಆ ಕಾಲೇಜಿನಲ್ಲಿ ಬೀರುವಿನಷ್ಟು ದೊಡ್ಡ ಕಂಪ್ಯೂಟರ್ ಒಂದಿತ್ತು. ಅಂಗಳದಾಚೆಯ ಲೈಬ್ರರಿಯಲ್ಲಿ ಚಿಕ್ಕದೊಂದು. ಎರಡರ ನಡುವೆ ನೆಲದಡಿಯ ಪೈಪಿನಲ್ಲಿ ಉದ್ದನೆಯ ವೈರು. ಇಲ್ಲಿ ಟೈಪ್ ಮಾಡಿದರೆ ಅಲ್ಲಿ ಅಕ್ಷರ ಮೂಡುತ್ತಿತ್ತು. ಹಬ್ಬಕ್ಕೆ ಮೊದಲು ಎರಡೂ ಚೆನ್ನಾಗಿಯೇ ಮಾತಾಡಿಕೊಂಡಿದ್ದವು. ಆಯುಧಪೂಜೆ ಮುಗಿದದ್ದೇ ತಡ, ಚಿಕ್ಕದು ಮಾತು ಬಿಟ್ಟಿತು. ಕಪ್ಪು ಪರದೆಯ ಮೇಲೆ ಹಸಿರು ಗೆರೆಯೊಂದು ಮಿಟುಕುತ್ತಿತ್ತು, ಅಷ್ಟೆ.

ಪ್ರಿನ್ಸಿಪಾಲ್ ಹಾಲಸಿದ್ದಪ್ಪನವರು ಊಟದ ಹೊತ್ತಿಗೆ ಅದನ್ನು ನೋಡಲು ಬರುವವರಿದ್ದರು. ಲೈಬ್ರರಿಗೆ ಇದೆಲ್ಲ ಯಾಕೆ ಎಂಬುದು ಅವರ ಹಳೆಯ ಪ್ರಶ್ನೆ. ಇವತ್ತು ಮಾತಾಡದಿದ್ದರೆ ಪೆಟ್ಟಿಗೆ ಕಟ್ಟಿ ವಾಪಸ್ ಕಳಿಸುತ್ತೇನೆ ಎಂದಿದ್ದರು. ಅದನ್ನು ತರಿಸಲು ಚಿಕ್ಕಮ್ಮ ವರ್ಷವಿಡೀ ಓಡಾಡಿದ್ದು ಕೊಟ್ರಿಗೆ ಗೊತ್ತಿತ್ತು.

ಸಿರುಗುಪ್ಪದ ಮನೆಯಲ್ಲಿ ಏನು ಕೆಟ್ಟರೂ ಮೊದಲು “ಯಾರು?” ಎಂಬ ಪ್ರಶ್ನೆ ಬರುತ್ತಿತ್ತು. ಆಮೇಲೆ ಬೆನ್ನಿಗೊಂದು ಗುದ್ದು. ಇಲ್ಲಿಯೂ ಹಾಗೇ ಎಂದು ಕೊಟ್ರಿ ಕಾದಳು. ಚಿಕ್ಕಮ್ಮ ಸೆರಗು ಸಿಕ್ಕಿಸಿಕೊಂಡು, “ಎಲ್ಲಿ ಕೆಟ್ಟೈತಿ ನೋಡೂಣು,” ಎಂದರು.

ಮೊದಲು ಚಿಕ್ಕ ಕಂಪ್ಯೂಟರನ್ನು ಎರ್ರೆಪ್ಪನ ಕೈಲಿ ಹೊರಿಸಿ ದೊಡ್ಡದರ ಪಕ್ಕಕ್ಕೆ ಒಯ್ದರು. ಅಲ್ಲಿಯದೇ ಗಿಡ್ಡ ವೈರು ಸಿಕ್ಕಿಸಿದರು. ಪಟಪಟನೆ ಅಕ್ಷರ ಬಂದವು.

“ಅಂದ್ರ ಇದರದೇನೂ ತಪ್ಪಿಲ್ಲ. ದೊಡ್ಡದರದೂ ಇಲ್ಲ. ಇನ್ನ ಉಳಿದಿದ್ದೇನು, ಕೊಟ್ರಿ?”

“ಉದ್ದನ ವೈರು,” ಎಂದಳು ಕೊಟ್ರಿ.

ವೈರು ಪೈಪಿಗೆ ಇಳಿಯುವಲ್ಲಿ, ಮೇಲೆ ಬರುವಲ್ಲಿ ಬಗ್ಗಿ ನೋಡಿದರು. ಇಲಿ ಕಡಿದಿರಲಿಲ್ಲ. ಎರ್ರೆಪ್ಪ ನೆಲ ಅಗೆಯೋಣ ಎಂದು ಗುದ್ದಲಿಗೆ ಹೊರಟೇಬಿಟ್ಟಿದ್ದ. ಅಗೆಯದೆ ನೋಡಬಹುದಾದದ್ದನ್ನೆಲ್ಲ ಮೊದಲು ನೋಡೋಣ ಎಂದು ಚಿಕ್ಕಮ್ಮ ತಡೆದರು. ಅವಸರವಿಲ್ಲ, ಗೊಣಗಾಟವಿಲ್ಲ. ಒಂದನ್ನು ಮುಟ್ಟುವುದು, ನೋಡುವುದು, ಆಮೇಲೆ ಇನ್ನೊಂದು. ಡಾಕ್ಟರು ಹೊಟ್ಟೆ ಒತ್ತಿ ‘ಇಲ್ಲಿ ನೋವಾ?’ ಎಂದು ಕೇಳಿದ ಹಾಗಿತ್ತು. ಕೊಟ್ರಿ ಅವರ ಬೆರಳುಗಳನ್ನೇ ನೋಡುತ್ತಿದ್ದಳು. ಅಣಕಿಸುವುದಕ್ಕಲ್ಲ, ಕಲಿಯುವುದಕ್ಕೆ.

ಕೊನೆಗೆ ಚಿಕ್ಕ ಕಂಪ್ಯೂಟರನ್ನು ಮತ್ತೆ ಲೈಬ್ರರಿಗೆ ಹೊರಿಸಿ ತಂದು, ಅಲ್ಲಿಯ ವೈರಿನ ತುದಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಸೂಜಿಯಂಥ ಪಿನ್ನುಗಳ ಮೇಲೆ ಬೆಳ್ಳಗೆ ಏನೋ ಒಣಗಿ ಕೂತಿತ್ತು. ನಡುವೆ ಕೆಂಪಗೆ ಒಂದು ಚುಕ್ಕೆ.

ಅದೇನೆಂದು ಕೊಟ್ರಿಗೆ ಕೂಡಲೇ ಗೊತ್ತಾಯಿತು.

ಪೂಜೆಯ ದಿನ ಒರೆಸಲೆಂದು ವೈರು ಬಿಚ್ಚಿಟ್ಟಿದ್ದರು. ವಿಭೂತಿ ಬಟ್ಟಲು ಹಿಡಿದವಳು ಕೊಟ್ರಿ. ಪ್ರಿನ್ಸಿಪಾಲರು ಕುರ್ಚಿ, ಬೀಗ, ಗಡಿಯಾರ ಎಲ್ಲಕ್ಕೂ ಮೂರು ಬೆರಳಿನಿಂದ ಒದ್ದೆ ವಿಭೂತಿ ಎಳೆದು, ಕುಂಕುಮ ಇಡುತ್ತ ಬಂದಿದ್ದರು. “ಒಂದನ್ನೂ ಬಿಡಬಾರ್ದು, ಏನಂತೀರಿ?” ಎಂದಿದ್ದರು. ಮಾತಿಗೊಮ್ಮೆ ಏನಂತೀರಿ ಎನ್ನುವುದು ಅವರ ರೂಢಿ. “ಇದೊಂದು ಉಳದೈತ್ರಿ ಸರ್,” ಎಂದು ವೈರಿನ ತುದಿ ತೋರಿಸಿದ್ದು ಅವಳೇ.

“ಚಿಕ್ಕಮ್ಮ, ಅದು...”

“ಸ್ಪಿರಿಟ್ ಬಾಟ್ಲಿ ತಗೊಂಬಾ. ಹಂಗ ಒಂದು ಬ್ರಶ್ಶು.”

ಚಿಕ್ಕಮ್ಮ ಹಲ್ಲುಜ್ಜಿದ ಹಾಗೆ ಪಿನ್ನುಗಳನ್ನು ಉಜ್ಜಿದರು, ಒಣಗಿಸಿದರು, ಸಿಕ್ಕಿಸಿದರು. ಎರ್ರೆಪ್ಪ ದೊಡ್ಡದರ ಬಳಿಗೆ ಓಡಿ ಟೈಪ್ ಮಾಡಿದ್ದೇ, ಇಲ್ಲಿಯ ಪರದೆಯ ಮೇಲೆ ಹಸಿರು ಅಕ್ಷರಗಳು ಸಾಲಾಗಿ ಬಂದು ನಿಂತವು. ಅಷ್ಟರಲ್ಲಿ ಬಾಗಿಲಲ್ಲಿ ಹಾಲಸಿದ್ದಪ್ಪನವರು. ಏನಾಗಿತ್ತು ಎಂದು ಕೇಳಿದರು.

ಚಿಕ್ಕಮ್ಮ ಅವರ ಹಣೆಯ ಮೂರು ಬಿಳಿ ಗೆರೆ ನೋಡಿದರು. “ಒಂಚೂರು ಧೂಳು ಕುಂತಿತ್ರಿ ಸರ್.”

“ಧೂಳಾ? ಇಲ್ಲಿ ಕಸ ಹೊಡಿಯಾಕಿ ಯಾರು, ಪಕ್ಕೀರಮ್ಮ ಅಲ್ಲೇನು? ಕರೀರಿ ಆಕಿನ್ನ. ಏನಂತೀರಿ?”

ಚಿಕ್ಕಮ್ಮನ ಮುಖ ಪೆಚ್ಚಾಯಿತು. ಮೊದಲು ಕಂಪ್ಯೂಟರ್ ನೋಡಿಬಿಡಿ ಸರ್ ಎಂದು ಕೂರಿಸಿ, ದೊಡ್ಡದರಲ್ಲಿ ‘ನಮಸ್ಕಾರ’ ಎಂದು ಟೈಪ್ ಮಾಡಲು ಕೊಟ್ರಿಯನ್ನು ಕಳಿಸಿದರು.

ಅಂಗಳ ದಾಟುವಾಗ ಕೊಟ್ರಿಗೆ ಹೊಳೆಯಿತು. ಬೆಳಗಿನಿಂದ ಚಿಕ್ಕಮ್ಮ ಒಮ್ಮೆಯೂ ‘ಯಾರು’ ಎಂದು ಕೇಳಿರಲಿಲ್ಲ. ಕೇಳದೆಯೇ ಎಲ್ಲ ಸರಿಯಾಗಿತ್ತು. ಈಗ ಪ್ರಿನ್ಸಿಪಾಲರು ಕೇಳಿದ್ದರು, ಮತ್ತು ಸಿಕ್ಕಿಬಿದ್ದವಳು ಪಕ್ಕೀರಮ್ಮ.

ಅವಳು ಕೂತು, ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಹುಡುಕಿ ಕನ್ನಡ ಒತ್ತಿದಳು.

“ನಮಸ್ಕಾರ ಸರ್. ಅದು ಧೂಳಲ್ಲ, ವಿಭೂತಿ. ಬಟ್ಟಲ ಹಿಡದಾಕಿ ನಾನು. ಹಚ್ಚಿದೋರು ನೀವು. ಹಣಿಗೆ ಹಚ್ಚಿದ್ರ ಸಾಕಿತ್ತು, ಬಾಯಾಗ ತುಂಬಿದ್ರ ಪಾಪ ಅದು ಹೆಂಗ ಮಾತಾಡ್ತೈತಿ? ಏನಂತೀರಿ?”

ಹಿಂದೆ ನಿಂತು ಓದಿದ ಎರ್ರೆಪ್ಪ ತಲೆಯ ಮೇಲೆ ಕೈಯಿಟ್ಟುಕೊಂಡ. “ಲೇ ಕೊಟ್ರಿ, ಕಳಿಸೇಬಿಟ್ಟೇನಲೇ?”

ಪರದೆಯ ಮೇಲೆ ಹಸಿರು ಗೆರೆ ಮಾತ್ರ ಮಿಟುಕಿತು. ಪೆಟ್ಟಿಗೆ ಕಟ್ಟುತ್ತಿದ್ದಾರೇನೋ ಎಂದು ಕೊಟ್ರಿಗೆ ಅನಿಸಿತು.

ಆಮೇಲೆ ಒಂದೊಂದೇ ಅಕ್ಷರ, ಒಂದೇ ಬೆರಳಿನಲ್ಲಿ ಒತ್ತಿದ ಹಾಗೆ, ನಿಧಾನವಾಗಿ ಬಂದವು.

“ಮುಂದಿನ ವರ್ಷನೂ ಬಟ್ಟಲ ಹಿಡಿಯಾಕ ನೀನ ಬಾ. ಏನಂತೀ?”

ಅದರ ಹಿಂದೆಯೇ ಹಾಲಸಿದ್ದಪ್ಪನವರ ನಗು ಕೇಳಿಸಿತು. ಚಿಕ್ಕಮ್ಮನ ನಗುವನ್ನೂ ಮುಳುಗಿಸುವಷ್ಟು ಜೋರು. ಅದು ಅಂಗಳ ದಾಟಿ ಬರಲು ವೈರು ಬೇಕಾಗಲಿಲ್ಲ.