ಮುಖ ಬರೆಯದೆ ಬಿಟ್ಟ ಚಿತ್ರ

"ಇಂವ ಯಾರು?"

ನಿಂಗರಾಜ ಪೆನ್ಸಿಲ್ ಚಿತ್ರದ ಹಾಳೆಗಳನ್ನು ಸುಮಲತಾಳ ಮುಂದೆ ಹಿಡಿದ. ಹೆಗಲ ಮೇಲಿನ ಕಂಬಳಿ ಇನ್ನೂ ಇಳಿಸಿರಲಿಲ್ಲ. ಮದುವೆ ಗೊತ್ತಾದ ಹುಡುಗಿಯನ್ನು ಒಮ್ಮೆ ನೋಡಿ ಹೋಗೋಣವೆಂದು ಕೆಂಭಾವಿಗೆ ಬಂದವನು, ಜೋಳದ ಚೀಲದ ಮೇಲೆ ಬಿದ್ದಿದ್ದ ಅವನ್ನು ಎತ್ತಿಕೊಂಡಿದ್ದ.

ಎಲ್ಲದರಲ್ಲೂ ಒಬ್ಬನೇ ಗಂಡಸು. ಉದ್ದ ಮುಖ, ಚೂಪು ಗದ್ದ, ಹಿಂದಕ್ಕೆ ಬಾಚಿದ ಕೂದಲು.

ಸುಮಲತಾ ಹಾಳೆಗಳತ್ತ ಕೈ ಚಾಚಿದಳು.

"ನೀವೇರಿ..."

ಅವನು ತನ್ನ ದುಂಡು ಮುಖ ಮುಟ್ಟಿಕೊಂಡ. ಟಗರು ಹಾಯ್ದು ಸೀಳಿದ್ದ ಎಡಹುಬ್ಬು ಮುಟ್ಟಿಕೊಂಡ. ಹಾಳೆಯಲ್ಲಿ ಅದ್ಯಾವುದೂ ಇರಲಿಲ್ಲ.

"ಚ್ಯಾಷ್ಟಿ ಮಾಡಬ್ಯಾಡ. ಇಂವನ ಮ್ಯಾಲ ಮನಸಿದ್ರ ಮನಸೈತಿ ಅನ್ನು. ನಾಳೆ ಮುಂಜಾನಿ ಕುರಿ ಹೊಡಕೊಂಡು ತಿಂಥಣಿ ಸೇತುವಿ ದಾಟತೀವಿ. ಅಷ್ಟರಾಗ ನಿಶ್ಚಯದ ಸೀರಿ ವಾಪಸ್ ಮಾಡ್ರಿ."

ಅವಳು ಬಾಗಿಲಿಗೆ ಓಡಿ ಬರುವಷ್ಟರಲ್ಲಿ ಅವನ ಬೈಕು ಓಣಿ ದಾಟಿತ್ತು.

ಹೇಗೆ ಹೇಳುವುದು ಇವನಿಗೆ...

ನಿಶ್ಚಯದ ದಿನ ಅವನೇ ನಗಾಡಿದ್ದ. ಫೋಟೋ ಯಾರು ಬೇಕಾದರೂ ತೆಗೀತಾರೆ, ಮದುವೆ ಮನೆ ಗೋಡೆ ಮೇಲೆ ನನ್ನನ್ನು ನೀನೇ ಬರೆಯಬೇಕು ಅಂದಿದ್ದ. ಸುಮಲತಾ ಅದನ್ನು ಮನಸ್ಸಿಗೆ ಹಚ್ಚಿಕೊಂಡಳು. ಸುರಪುರದ ಬಸ್‌ಸ್ಟ್ಯಾಂಡಿನಲ್ಲಿ ಚಿತ್ರ ಕಲಿಸುವ ಪುಸ್ತಕ ಕೊಂಡು ಜೋಳದ ಚೀಲದೊಳಗೆ ಬಚ್ಚಿಟ್ಟಳು.

ಮೊದಲು ಮೊಟ್ಟೆಯಂಥ ಆಕಾರ. ನಟ್ಟನಡುವೆ ಅಡ್ಡಗೆರೆ, ಅದರ ಮೇಲೆ ಕಣ್ಣು, ಅದರ ಕೆಳಗೆ ಮೂಗು. ಪುಸ್ತಕ ಹೇಳಿದಂತೆಯೇ ಮಾಡಿದಳು. ಪುಸ್ತಕದ ಮೊದಲ ಪುಟದಲ್ಲಿದ್ದ ಗಂಡಸೇ ಬಂದ. ಪ್ರತಿ ಸಲವೂ ಅವನೇ!

ಬೈಕು ಹೋದ ಮೇಲೆ ಫೋನ್ ಮಾಡಿದಳು. ನಿಂಗರಾಜ ಎತ್ತಲಿಲ್ಲ. ಮತ್ತೆ ಪೆನ್ಸಿಲ್ ಹಿಡಿದಳು. ಕಣ್ಣು ಮುಚ್ಚಿದರೆ ನಿಂಗರಾಜ, ಕಣ್ಣು ತೆರೆದು ಗೆರೆ ಎಳೆದರೆ ಆ ಚೂಪು ಗದ್ದ. ಉಜ್ಜಿ ಉಜ್ಜಿ ಹಾಳೆ ಹರಿಯಿತು. ನನ್ನ ಕೈಯೇ ನನಗೆ ವೈರಿಯಾಯಿತಲ್ಲ...

ಅವ್ವ ರೇಣಮ್ಮ ನಿಶ್ಚಯದ ಸೀರೆ ಮಡಚುತ್ತ ಕೂತಿದ್ದಳು. ಆ ಸೀರೆಯನ್ನು ಬೇರೆಯವರ ಕೈಲಿ ಕಳಿಸಬಾರದು, ಹೆಣ್ಣಿನ ಕಡೆಯವರೇ ಹೋಗಿ ಕೈಗೆ ಕೊಡಬೇಕು ಅನ್ನುವುದು ಅವಳ ಪಟ್ಟು.

"ಊರಾಗಿನ ಹುಡುಗ್ಯಾರು ರೊಟ್ಟಿ ಬಡಿಯೂದು ಕಲೀತಾರ," ಅಂದಳು. "ನಮ್ಮಾಕಿ ಗಂಡಸರ ಮೂಗು ಕಲತಾಳ."

ಸುಮಲತಾ ಪುಸ್ತಕ ಆಚೆ ನೂಕಿದಳು. ಗೋಡೆಯ ಕ್ಯಾಲೆಂಡರಿನ ಹಾಳೆ ಹರಿದು, ಒಲೆಯ ಇದ್ದಿಲು ತಗೊಂಡಳು. ಪುಸ್ತಕದಲ್ಲಿ ಇಲ್ಲದ್ದೇನಿದೆ? ಕರಿಯಾ ಇದ್ದಾನೆ! ನಿಂಗರಾಜನ ಕಂಬಳಿಯ ಮೂಲೆ ಅಗಿಯುವ ಟಗರು, ಗುರುತಿಗೆ ಸೀಳಿದ ಅದರ ಕಿವಿ. ಪಕ್ಕದಲ್ಲಿ ಒಂಟಿ ಕಾಲ ಮೇಲೆ ಭಾರ ಬಿಟ್ಟು, ಕೋಲಿಗೆ ಗದ್ದ ಊರಿ ನಿಲ್ಲುವವನು.

ಕೈ ತಾನಾಗಿಯೇ ಓಡಿತು. ಮುಖದ ಹತ್ತಿರ ಬಂದು ನಿಂತಿತು. ಮೊಟ್ಟೆ ಆಕಾರ ಎಳೆದರೆ ಮತ್ತೆ ಪುಸ್ತಕದವನೇ ಬಂದು ಕೂತಾನು... ಇದ್ದಿಲು ಕೆಳಗಿಟ್ಟಳು.

ಮರುದಿನ ತಿಂಥಣಿ ಸೇತುವೆ ತುಂಬ ಕುರಿ. ಅವ್ವನ ಕಂಕುಳಲ್ಲಿದ್ದ ಸೀರೆಯ ಗಂಟು ನೋಡಿ ನಿಂಗರಾಜ ತಲೆ ತಗ್ಗಿಸಿದ. ಗಂಟಿಗಾಗಿ ಕೈ ಚಾಚಿದ.

ಆ ಕೈಗೆ ಸುಮಲತಾ ಕ್ಯಾಲೆಂಡರಿನ ಹಾಳೆ ಇಟ್ಟಳು.

"ನಮ್ಮ ಕರಿಯಾ..." ಅವನ ದನಿ ಮೆತ್ತಗಾಯಿತು. "ಕಿವಿ ಸೀಳು ಸುದ್ದಾ ತೆಗದಿ." ಬೆರಳು ಕಂಬಳಿಯ ಮೇಲೆ ಸರಿದು ಕೋಲಿನ ಮೇಲೆ ನಿಂತಿತು. "ಇದು... ನಾನ."

ಅವಳು ಪುಸ್ತಕ ತೆಗೆದು ಮೊದಲ ಪುಟ ತೋರಿಸಿದಳು. ಉದ್ದ ಮುಖ, ಚೂಪು ಗದ್ದ. ನಿನ್ನೆ ಹಾಳೆಗಳಲ್ಲಿ ಕಂಡವನು ಇವನೇ ಎಂದು ಅವನಿಗೆ ಹೊಳೆಯಿತು.

ಪುಸ್ತಕದವನಿಗೂ ಒಂದು ಲಗ್ನಪತ್ರ ಕೊಟ್ಟುಬಿಡೋಣ ಅಳಿಯಪ್ಪಾ ಅಂತ ಅವ್ವ ಹಿಂದಿನಿಂದ ಕುಟುಕಿದಳು. ಸೀರೆಯ ಗಂಟು ಮತ್ತೆ ಕಂಕುಳಿಗೆ ಸೇರಿತು.

"ತಪ್ಪಾತು, ಸುಮಾ," ಅಂದ ನಿಂಗರಾಜ. "ನನ್ನ ಮಖ ಯಾಕ ಬಿಟ್ಟಿ?"

"ನೀವು ಮುಂದ ಇಲ್ಲಂದ್ರ ನನಗ ಬರಾಂಗಿಲ್ಲರಿ. ಈ ಪುಸ್ತಕದಾಂವನ ಬರ್ತಾನ."

ಕುರಿ ಮುಂದೆ ಹೊಡೆಯಲು ಜೊತೆಯವರಿಗೆ ಕೂಗಿ ಹೇಳಿ, ಅವನು ಸೇತುವೆಯ ಕಟ್ಟೆಗೆ ಒರಗಿದ. ಕೋಲಿಗೆ ಗದ್ದ ಊರಿದ. ಕೆಳಗೆ ಕೃಷ್ಣೆ ಹರಿಯುತ್ತಿದ್ದಳು.

"ಎಷ್ಟೊತ್ತು ನಿಂದ್ರಬೇಕು?"

"ನನಗ ಬರೂ ತನಕ."

"ಬರದಿದ್ರ?"

ಅವಳು ಹಾಳೆ ಇಸಿದುಕೊಂಡು, ಜೊತೆಗೆ ತಂದಿದ್ದ ಇದ್ದಿಲು ಹಿಡಿದಳು. ಅವನ ಸೀಳುಹುಬ್ಬನ್ನೇ ನೋಡಿದಳು.

"ನಿಂತೇ ಇರ್ರಿ."