ಜೋರಾಪುರ ಪೇಟೆಯ ಬಾಣಂತಿ ಕೋಣೆ

"ನನ್ನ ಮಗಳಿಗಿ ಕಷಾಯದಾಗ ವಿಷಾ ಹಾಕ್ಯಾಳ್ರೀ ಈ ಪೀರಾಂಬಿ! ಯಾರರೆ ಫೌಜದಾರನ್ನ ಕರೀರಿ!"

ಗೌರಾಬಾಯಿಯ ಕೂಗು ಜೋರಾಪುರ ಪೇಟೆಯ ಓಣಿಗೆಲ್ಲ ಕೇಳಿಸಿತು. ೧೯೪೪ರ ಜನವರಿ, ಹಲ್ಲು ಕಟಕಟ ಅನ್ನುವ ಬೆಳಗು. ಕಂಪೌಂಡರ್ ಸಂಗಣ್ಣ ಚಹಾ ಅಲ್ಲೇ ಬಿಟ್ಟು, ಪಕ್ಕದ ಮನೆಯ ಗುರುಪಾದಯ್ಯನವರ ಹಿಂದೆ ಓಡಿದ. ಓಣಿಯಲ್ಲಿ ಸೂಜಿ ಕಳೆದರೂ ಜನ ಹುಡುಕುತ್ತಿದ್ದುದು ಈ ನಿವೃತ್ತ ಮಾಸ್ತರರನ್ನೇ.

ಒಳಕೋಣೆಯಲ್ಲಿ ಹೊಳೆವ್ವ, ಹನ್ನೆರಡು ದಿನದ ಬಾಣಂತಿ, ಎಚ್ಚರ ತಪ್ಪಿದ್ದಳು. ಹೊರಸಿನ ಕೆಳಗೆ ಇದ್ದಲಿ ಕೆಂಡದ ಶೇಗಡಿ. ಬಾಗಿಲಿಗೆ ಪಡದೆ, ಕಿಟಕಿಗೆ ಗೋಣಿತಟ್ಟು. ಬಾಣಂತಿಗೆ ಗಾಳಿ ತಾಗಬಾರದಲ್ಲ! ಹಗಲಾದರೂ ಕತ್ತಲೆ ಎಷ್ಟಿತ್ತೆಂದರೆ ಸಂಗಣ್ಣ ಹೊರಸಿಗೇ ಎಡವಿದ.

"ಮೊದಲ ಈಕಿನ್ನ ಪಡಸಾಲಿಗೆ ಒಯ್ಯೂಣು," ಎಂದರು ಗುರುಪಾದಯ್ಯ.

"ಗಾಳಿ ಬಡೀತೈತ್ರಿ!" ತಾಯಿ ಗೌರಾಬಾಯಿ ಅಡ್ಡ ನಿಂತಳು.

"ಬಡೀಲಿ."

ಪಡಸಾಲೆಯಲ್ಲಿ ಸಂಗಣ್ಣ ನಾಡಿ ಹಿಡಿದು ಕೂತ. ಅವನ ಜೀವ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಯಾರೋ ಆಗಲೇ ಪೊಲೀಸ್ ಚೌಕಿಗೆ ಓಡಿದ್ದರು. ಸಂಗಣ್ಣನ ಇಬ್ಬರು ಮಕ್ಕಳ ಹೆರಿಗೆಯನ್ನೂ ಮಾಡಿಸಿದ ಸೂಲಗಿತ್ತಿ ಪೀರಾಂಬಿ, ಮಡಚಲು ಬಾರದ ಮೊಳಕಾಲು ಚಾಚಿ, ಹೊಸ್ತಿಲ ಬಳಿ ಕೂತಿದ್ದಳು.

ಗುರುಪಾದಯ್ಯ ಹೊಳೆವ್ವನ ಅತ್ತೆ ಕಾಶಿಬಾಯಿಯತ್ತ ತಿರುಗಿದರು. "ಪೀರಾಂಬಿ ಕೊಟ್ಟ ಕಷಾಯ ನೀವೂ ಕುಡದ್ರೇನು?"

"ಇಲ್ರಿ, ಹೊಳೆವ್ವ ಒಬ್ಬಾಕಿನ. ನಾ ನಸುಕಿನ್ಯಾಗ ಆಕಿ ಕಡೆ ಕುಂತಿದ್ದೆ. ತಲಿ ಸಿಡ್ಯಾಕತ್ತಿತು. ಕೂಸಿಗೆ ಎಣ್ಣಿ ಹಚ್ಚಾಕ ಅಡಗಿಮನಿಗೆ ಒಯ್ದೆ."

"ಆ ಖೋಲಿ ಅಟ್ಟದಾಗ ಏನೈತಿ?"

"ಜ್ವಾಳದ ಚೀಲ. ಅದಕ್ಕ ಮ್ಯಾಲಿನ ಬೆಳಕಿಂಡಿ ಮಳಿಗಾಲ ಬಿಟ್ಟು ಎಂದೂ ಮುಚ್ಚೂದಿಲ್ರಿ. ಮುಚ್ಚಿದ್ರ ಮುಗ್ಗ ಹಿಡೀತೈತಿ."

ಎಲ್ಲರೂ ಕಂಬಳಿ, ಶಾಲು ಹೊದ್ದಿದ್ದರು. ಗೌರಾಬಾಯಿ ಮಾತ್ರ ಸೆರಗಿನಲ್ಲೇ ನಡುಗುತ್ತಿದ್ದಳು.

"ನಿನ್ನಿ ಸಂಜಿ ಕನಮಡಿಯಿಂದ ಚಕ್ಕಡ್ಯಾಗ ಬಂದ್ರಿ. ಹೊದ್ಯಾಕ ಏನೂ ತರಲಿಲ್ಲೇನವ್ವಾ?" ಗುರುಪಾದಯ್ಯ ಕೇಳಿದರು.

"ಕೌದಿ ತಂದಿದ್ದೆ…" ಗೌರಾಬಾಯಿ ಸೆರಗನ್ನು ಇನ್ನಷ್ಟು ಬಿಗಿಯಾಗಿ ಹೊದ್ದುಕೊಂಡಳು.

"ಸಂಗಣ್ಣಾ, ಮಾಳಿಗಿ ಹತ್ತಿ ನೋಡು."

ನಿಚ್ಚಣಿಕೆ ಹತ್ತಿ ಹೋದ ಸಂಗಣ್ಣ, ಮೇಲ್ಛಾವಣಿಯ ಬೆಳಕಿಂಡಿಗೆ ಗಿಡಿದು ತುಂಬಿದ್ದ ಕೌದಿಯನ್ನು ಎಳೆದು ತಂದ. ಅಷ್ಟರಲ್ಲಿ ಹೊಳೆವ್ವ ವಾಂತಿ ಮಾಡಿಕೊಂಡು ಕಣ್ಣು ಬಿಟ್ಟಳು. "ನೀರು," ಅಂದಳು. ಸಂಗಣ್ಣನ ಕಣ್ಣಲ್ಲಿ ನೀರೇ ಬಂತು.

ಗುರುಪಾದಯ್ಯ ಎಲ್ಲರನ್ನೂ ಕೂಡಿಸಿ ಬಿಡಿಸಿ ಹೇಳಿದರು. "ವಿಷಾ ಕಷಾಯದಾಗ ಇದ್ದಿದ್ರ, ಅದನ್ನ ಕುಡೀದ ಕಾಶಿಬಾಯಿಗೆ ತಲಿ ಯಾಕ ಸಿಡೀಬೇಕು? ಇಬ್ಬರಿಗೂ ತಾಗಿದ್ದು ಆ ಖೋಲಿ ಗಾಳಿ. ಇದ್ದಲಿ ಕೆಂಡದ ಗಾಳಿ ಹೊರಗ ಹೋಗದಿದ್ರ ಜೀವಾ ತಗೀತೈತಿ. ಹನ್ನೊಂದು ದಿನ ಬೆಳಕಿಂಡಿ ಕಾಯ್ತು. ಇವತ್ತ ಹಗಲಾಗ ಕತ್ತಲಿ, ಅಂದ್ರ ಯಾರೋ ಮುಚ್ಚ್ಯಾರ. ಮನಿಯವರು ಜ್ವಾಳ ಕೆಡಿಸ್ಕೊಳ್ಳೂದಿಲ್ಲ. ಪೀರಾಂಬಿಗೆ ನಿಚ್ಚಣಿಕಿ ಹತ್ತಾಕ ಆಗೂದಿಲ್ಲ. ಉಳದಾಕಿ, ಹೊದಿಕಿ ಇಲ್ಲದ ನಡಗಾಕಿ."

"ಮ್ಯಾಲಿಂದ ಥಂಡಿ ಬರತೈತಿ ಅಂದ್ಳ್ರೀ ನನ್ನ ಮಗಳು," ಗೌರಾಬಾಯಿ ಬಿಕ್ಕಿದಳು. "ಯಾರೂ ಏಳೂದ್ರಾಗ ಹೋಗಿ ತುರುಕಿ ಬಂದೆ." ಅವಳು ಹೋಗಿ ಪೀರಾಂಬಿಯ ಕಾಲು ಹಿಡಿದಳು.

ಪೀರಾಂಬಿ ಕಾಲು ಹಿಂದಕ್ಕೆ ಎಳೆದುಕೊಳ್ಳಲು ನೋಡಿದಳು, ಆಗಲಿಲ್ಲ. "ಬಿಡವ್ವಾ. ಕಾಲು ಹಿಡದಿದ್ದು ಈ ನಾಕು ಮಂದಿಗೆ ಕಾಣತೈತಿ. ವಿಷಾ ಹಾಕ್ಯಾಳ ಅಂದಿದ್ದು ಓಣಿ ತುಂಬ ಕೇಳೈತಿ. ನಾಳಿ ನನ್ನ ಯಾವ ಬಸರಿ ಕರೀತಾಳ ಹೇಳು?"

ಹೊರಗೆ ಫೌಜದಾರನ ಸೈಕಲ್ಲು ಓಣಿಗೆ ತಿರುಗಿತ್ತು. ಜನ ಕಟ್ಟೆಕಟ್ಟೆಗೆ ನಿಂತಿದ್ದರು.

ಗೌರಾಬಾಯಿ ಎದ್ದಳು. ಕಣ್ಣೊರೆಸಿಕೊಳ್ಳದೆ ಹೊಸ್ತಿಲು ದಾಟಿ, ಓಣಿಯ ನಟ್ಟನಡುವೆ ನಿಂತಳು.

"ಕೇಳ್ರೀ ಎಲ್ಲಾರೂ! ನನ್ನ ಮಗಳ ಜೀವಾ ತಗ್ಯಾಕ ಹೊಂಟಾಕಿ ನಾನ! ಪೀರಾಂಬಿ ಅಲ್ರೀ, ನಾನ!"